ಹಂಪ್ತಾ ಪಾಸ್: ಐದು ಜನ, ಸಾಮಾನೆಲ್ಲ ನಮ್ಮ ಹೆಗಲ ಮೇಲೇ. ಲೆಕ್ಕ ಎಲ್ಲಿ ತಪ್ಪಿದೆ ನೋಡಿ ಹೇಳಿ

ಹಾದಿಬದಿ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ನಾವು ಐದು ಜನ ಗೆಳೆಯರು ಹಿಮಾಚಲದ ಕುಲ್ಲು ಕಣಿವೆಯಿಂದ ಹಂಪ್ತಾ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಹತ್ತಿ ಲಾಹೌಲ್ ಕಡೆಯ ಛತ್ರುವಿಗೆ ಇಳಿಯಬೇಕು ಅಂತ ಗೊತ್ತುಮಾಡಿದ್ದೇವೆ. ಪ್ಯಾಕೇಜಿನಲ್ಲಿ ಹೋಗುತ್ತಿಲ್ಲ. ಟೆಂಟು, ಒಲೆ, ದಿನಸಿ ಎಲ್ಲ ನಾವೇ ಹೊರುವುದು. ಪಶ್ಚಿಮ ಘಟ್ಟದಲ್ಲಿ ಭಾರ ಹೊತ್ತು ನಡೆದ ಅಭ್ಯಾಸ ಐವರಿಗೂ ಇದೆ. ಆದರೆ 3,000 ಮೀಟರ್ ಮೇಲೆ ರಾತ್ರಿ ಮಲಗಿದವರು ಯಾರೂ ಇಲ್ಲ.

ಈಗಿನ ಲೆಕ್ಕ ಹೀಗಿದೆ. ದೆಹಲಿಯಿಂದ ರಾತ್ರಿ ಬಸ್ಸು, ಬೆಳಿಗ್ಗೆ ಮನಾಲಿ (2,050 ಮೀ.), ಅಲ್ಲಿಂದ ಜೀಪಿನಲ್ಲಿ ಜೋಬ್ರಾ, ಅವತ್ತೇ ನಡೆದು ಚಿಕಾ (ಸುಮಾರು 3,100 ಮೀ.). ಎರಡನೇ ದಿನ ಬಾಲು ಕಾ ಘೇರಾ (ಸುಮಾರು 3,600). ಮೂರನೇ ದಿನ ಪಾಸ್ (ಸುಮಾರು 4,270) ದಾಟಿ ಶಿಯಾಗೋರು (ಸುಮಾರು 3,900). ನಾಲ್ಕನೇ ದಿನ ಛತ್ರು, ಅಲ್ಲಿಂದ ಗಾಡಿಯಲ್ಲಿ ಚಂದ್ರತಾಲ್ ಕೆರೆ.

ತಲೆಗೆ ಎಷ್ಟು ಕೆಜಿ ಬರಬೇಕು? ಐದು ಜನಕ್ಕೆ ಗ್ಯಾಸ್ ಎಷ್ಟು ಬೇಕು, ಏನು ಅಡಿಗೆ ಮಾಡಿದರೆ ನಡೆಯುತ್ತದೆ? ಶಿಯಾಗೋರು ಹತ್ತಿರ ಹೊಳೆ ದಾಟಬೇಕು ಅಂತಾರೆ, ಅದಕ್ಕೆ ಹಗ್ಗ ಒಯ್ಯಬೇಕಾ? ಇನ್ನೊಂದು, ಐವರಲ್ಲಿ ಒಬ್ಬ ಅಮೆರಿಕದಿಂದ ಬರ್ತಾನೆ, ಅವನ ಹತ್ತಿರ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಯಂತ್ರ ಇದೆ. ಮೇಲೆ ಮೊಬೈಲ್ ಸಿಗ್ನಲ್ ಇರಲ್ಲವಲ್ಲ, ತಂದರೆ ಒಳ್ಳೆಯದಲ್ಲವಾ?

ಕಲ್ಲುಹಾದಿ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತರಲೇಬೇಡಿ ಅಂತ ಅವರಿಗೆ ಇವತ್ತೇ ತಿಳಿಸಿ. ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಮೆಸೆಂಜರ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ವಿದೇಶಿ ಚಾರಣಿಗರು ಪೊಲೀಸ್ ಕೇಸು ಹಾಕಿಸಿಕೊಂಡದ್ದಿದೆ. ಹೊರದೇಶದ ಅಂಗಡಿಗಳಲ್ಲಿ ಮಾಮೂಲಿಯಾಗಿ ಸಿಗುವ ವಸ್ತುವಾದ್ದರಿಂದ ಹೊರಗಿನಿಂದ ಬರುವವರಿಗೆ ಇದು ಗೊತ್ತೇ ಇರುವುದಿಲ್ಲ.

ಇನ್ನು ನಿಮ್ಮ ದಿನಗಳ ಲೆಕ್ಕ. ಇದರಲ್ಲೇ ದೊಡ್ಡ ತಪ್ಪಿದೆ. ದೂರ ನೋಡಿದರೆ ಹಂಪ್ತಾ ಸಣ್ಣ ಹಾದಿ, ಜೋಬ್ರಾದಿಂದ ಛತ್ರುವಿಗೆ ಹೆಚ್ಚುಕಡಿಮೆ 25 ಕಿ.ಮೀ. ಘಟ್ಟದಲ್ಲಿ ನಡೆದ ಕಾಲಿಗೆ ಅದು ಏನೂ ಅಲ್ಲ. ತೊಂದರೆ ಬರುವುದು ಮಲಗುವ ಎತ್ತರದಿಂದ, ಮೈ ಒಗ್ಗುವ ಮೊದಲೇ ಮೇಲೇರಿದರೆ ಎತ್ತರದ ಕಾಯಿಲೆ ಹಿಡಿಯುತ್ತದೆ. ದೆಹಲಿಯಲ್ಲಿ ಬಸ್ಸು ಹತ್ತಿದ ಮರುರಾತ್ರಿ 3,100ರಲ್ಲಿ, ಅದರ ಮರುರಾತ್ರಿ 3,600ರಲ್ಲಿ, ಮತ್ತೆ 4,270 ಹತ್ತಿ 3,900ರಲ್ಲಿ ಮಲಗುತ್ತೀರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಎರಡನೇ ರಾತ್ರಿ ಕಳೆಯಬೇಕು ಅಂತ ಪರ್ವತ ವೈದ್ಯರು ಹೇಳುವ ನಿಯಮ. ನಿಮ್ಮದರಲ್ಲಿ ನಿಲ್ಲುವ ದಿನವೇ ಇಲ್ಲ.

ಹೀಗೆ ಬದಲಿಸಿ. ಮನಾಲಿಗೆ ಬಂದ ದಿನ ನಡೆಯಬೇಡಿ. ಜೋಬ್ರಾ ರಸ್ತೆಯಲ್ಲೇ ಸೇಥನ್ ಊರಿದೆ, ಸುಮಾರು 2,700 ಮೀಟರ್, ಉಳಿಯಲು ಮನೆಗಳು ಸಿಗುತ್ತವೆ. ರಾತ್ರಿ ಅಲ್ಲಿ. ಮರುದಿನ ಚಿಕಾ. ಅದರ ಮರುದಿನ ಬಾಲು ಕಾ ಘೇರಾ, ಅಲ್ಲಿ ಎರಡು ರಾತ್ರಿ. ನಡುವಿನ ದಿನ ಬೆಳಿಗ್ಗೆ ಬ್ಯಾಗಿಲ್ಲದೆ ಪಾಸ್ ದಾರಿಯಲ್ಲಿ 200–300 ಮೀಟರ್ ಮೇಲೆ ಹೋಗಿ, ಅರ್ಧ ಗಂಟೆ ಕೂತು, ಇಳಿದು ಬನ್ನಿ. ಆ ದಿನ ದಂಡವಾಯಿತು ಅನ್ನಿಸಬಹುದು. ಮಳೆ ಬಂದರೆ ತಡೆದುಕೊಳ್ಳಲಿಕ್ಕೂ ಅದೇ ದಿನ ಉಪಯೋಗಕ್ಕೆ ಬರುತ್ತದೆ.

ಬಾಲು ಕಾ ಘೇರಾದಲ್ಲೇ ಯಾಕೆ ಅಂದರೆ, ಅದು ಹಿಂದಿರುಗಲು ಸುಲಭವಾದ ಕೊನೆಯ ಜಾಗ. ಅಲ್ಲಿಂದ ಕಾಯಿಲೆಯವರನ್ನು ಕರಕೊಂಡು ಮೂರು ನಾಲ್ಕು ಗಂಟೆಯಲ್ಲಿ ಜೋಬ್ರಾ ರಸ್ತೆಗೆ ಬರಬಹುದು. ಪಾಸ್ ದಾಟಿ ಶಿಯಾಗೋರಿನಲ್ಲಿ ಮಲಗಿದ ಮೇಲೆ ಹಿಂದೆ ಬರಬೇಕಾದರೆ ಮತ್ತೆ ಹತ್ತಬೇಕು, ಮುಂದೆ ಹೋಗಬೇಕಾದರೆ ಹೊಳೆ ದಾಟಬೇಕು. ಆದ್ದರಿಂದ ಪಾಸಿಗೆ ಹೊರಡುವ ಹಿಂದಿನ ಸಂಜೆ ಐವರೂ ಕೂತು ಒಬ್ಬೊಬ್ಬರನ್ನೇ ಕೇಳಿ: ತಲೆನೋವು ಇದೆಯಾ? ಊಟ ಸೇರಿತಾ? ವಾಂತಿ ಬಂದ ಹಾಗೆ ಆಗ್ತಿದೆಯಾ? ರಾತ್ರಿ ನಿದ್ದೆ ಬಂತಾ? ತಲೆನೋವಿನ ಜೊತೆ ಉಳಿದವುಗಳಲ್ಲಿ ಒಂದಿದ್ದರೂ ಅವರು ಮೇಲೆ ಹೋಗುವಂತಿಲ್ಲ. ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ಊತ ಶುರುವಾಗಿದೆ ಅಂತ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು. ಇವೆರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು, ಟಾರ್ಚ್ ಹಿಡಿದು ಆಗಲೇ ಕೆಳಗಿಳಿಸಬೇಕು, ಜೊತೆಗೆ ಇಬ್ಬರು ಹೋಗಬೇಕು.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಔಷಧ ಒಗ್ಗದವರಿಗೆ ಅಪಾಯ ಆಗಬಹುದು, ಹಾಗಾಗಿ ವೈದ್ಯರನ್ನು ಕೇಳಿಯೇ ತಗೊಳ್ಳಿ. ಮಾತ್ರೆ ತಗೊಂಡಿದ್ದೇವೆ ಅಂತ ನಿಲ್ಲುವ ದಿನವನ್ನು ಕೈಬಿಡಬೇಡಿ.

ಸೋನೆಮಳೆ:

ತೂಕದ ಬಗ್ಗೆ. ಒಬ್ಬೊಬ್ಬರೂ ತಮ್ಮ ಬ್ಯಾಗು ತುಂಬಿಸಿ ತಂದು ಮನಾಲಿಯಲ್ಲಿ ಸೇರಿದರೆ ಮೂರು ಚಾಕು, ನಾಲ್ಕು ಔಷಧದ ಡಬ್ಬಿ, ಐದು ಪವರ್ ಬ್ಯಾಂಕು ಇರುತ್ತವೆ, ಬೆಂಕಿಪೊಟ್ಟಣ ಒಂದೂ ಇರುವುದಿಲ್ಲ. ಹೊರಡುವ ವಾರ ಮೊದಲೇ ಬೆಂಗಳೂರಿನಲ್ಲಿ ಒಂದು ಮನೆಯಲ್ಲಿ ಎಲ್ಲ ಹರವಿ, ತಕ್ಕಡಿ ಇಟ್ಟುಕೊಂಡು ಹಂಚಿಕೊಳ್ಳಿ.

ಎಲ್ಲರಿಗೂ ಸೇರಿದ ಸಾಮಾನು ಅಂದಾಜು ಹೀಗೆ ಬರುತ್ತದೆ: ಮೂರು ಜನರ ಟೆಂಟು, ಇಬ್ಬರ ಟೆಂಟು ಸೇರಿ 6 ಕೆಜಿ. ಒಲೆ, ಎರಡು ಪಾತ್ರೆ, ಸೌಟು 2 ಕೆಜಿ. ಗ್ಯಾಸ್ ಕ್ಯಾನುಗಳು ಡಬ್ಬಿ ಸಮೇತ ಒಂದೂವರೆ. ಔಷಧ, ರಿಪೇರಿ ಸಾಮಾನು 1 ಕೆಜಿ. ದಿನಸಿ ಸುಮಾರು 15 ಕೆಜಿ. ಒಟ್ಟು ಇಪ್ಪತ್ತೈದೂವರೆ, ತಲೆಗೆ ಸುಮಾರು 5. ಸ್ವಂತದ್ದು: ಖಾಲಿ ಬ್ಯಾಗು 2, ಸ್ಲೀಪಿಂಗ್ ಬ್ಯಾಗು ಒಂದೂವರೆ, ಮ್ಯಾಟು ಅರ್ಧ, ಬಟ್ಟೆ ಮತ್ತು ಮಳೆಯಂಗಿ 3, ನೀರು ಒಂದೂವರೆ, ಉಳಿದ ಚಿಲ್ಲರೆ 1. ಅಲ್ಲಿಗೆ 14–15 ಕೆಜಿ. 65 ಕೆಜಿ ತೂಗುವವರಿಗೆ ಇದು ಮಿತಿ. 50 ಕೆಜಿ ಇರುವವರಿಗೆ ಹೆಚ್ಚು, ಅವರ ಪಾಲಿಗೆ ದಿನಸಿಯನ್ನೇ ಕೊಡಿ. ದಿನಾ ಮೂರು ಕೆಜಿ ಚಿಲ್ಲರೆ ತಿಂದು ಖಾಲಿಯಾಗುವುದು ಅದೊಂದೇ. ಟೆಂಟು ಹೊತ್ತವರ ಭಾರ ಕೊನೆಯವರೆಗೂ ಇಳಿಯುವುದಿಲ್ಲ, ಒದ್ದೆಯಾದರೆ ಏರುತ್ತದೆ ಕೂಡ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಕಡಿಮೆಯ ಅಂಕಿ. ಎಕ್ಸ್‌ಟ್ರೀಮ್ ಅಂದರೆ ಸಾಯದೆ ರಾತ್ರಿ ಕಳೆಯಬಹುದಾದ ಚಳಿ, ನಿದ್ದೆಯ ಮಾತಲ್ಲ. ಸೆಪ್ಟೆಂಬರ್ ನಡುವೆ ಶಿಯಾಗೋರಿನಲ್ಲಿ ರಾತ್ರಿ 0 ಡಿಗ್ರಿ ಹತ್ತಿರ, ಕೆಲವು ದಿನ ಅದರ ಕೆಳಗೂ ಇಳಿಯುತ್ತದೆ. ಹಾಗಾಗಿ ಕಂಫರ್ಟ್ 0 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನೇ ನೋಡಿ. ಮನಾಲಿಯಲ್ಲಿ ಬಾಡಿಗೆಗೂ ಸಿಗುತ್ತವೆ, ಜಿಪ್ಪು ಪೂರ್ತಿ ಎಳೆದು ನೋಡಿ ತಗೊಳ್ಳಿ.

ಬ್ಯಾಗಿನ ಮೇಲೆ ಹಾಕುವ ಮಳೆ ಕವರ್ ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿದು ತಳದಲ್ಲಿ ನಿಲ್ಲುತ್ತದೆ. ಸ್ಲೀಪಿಂಗ್ ಬ್ಯಾಗು ಇರುವುದೇ ತಳದಲ್ಲಿ. ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೇ ಇಳಿಬಿಟ್ಟು, ಅದರೊಳಗೆ ಎಲ್ಲ ತುಂಬಿ, ಬಾಯಿ ಸುತ್ತಿ ಮಡಚಿ. ಭಾರದ ದಿನಸಿ ನಡುವೆ, ಬೆನ್ನಿಗೆ ಒತ್ತಿಕೊಂಡಿರಲಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಸೊಂಟದ ಮೂಳೆಯ ಮೇಲೆ ಕೂರಬೇಕು. ಅದನ್ನು ಮೊದಲು ಬಿಗಿದು, ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಹೆಗಲು ನೋಯುತ್ತಿದೆ ಅಂದರೆ ನೂರಕ್ಕೆ ತೊಂಬತ್ತು ಸಲ ಈ ಕ್ರಮ ತಿರುಗಾಮುರುಗಾ ಆಗಿರುತ್ತದೆ.

ಜೀನ್ಸ್ ಬೇಡ. ಹೊಸ ಶೂ ಬೇಡ.

ಒಲೆಮುಂದೆ:

ಅಡಿಗೆ ವಿಷಯಕ್ಕೆ ಬರ್ತೇನೆ, ಇದನ್ನು ಜನ ತೀರಾ ಹಗುರವಾಗಿ ತಗೊಳ್ತಾರೆ ಮಾರಾಯ್ರೆ.

ಎತ್ತರ ಹೋದ ಹಾಗೆ ನೀರು ಬೇಗ ಕುದಿಯುತ್ತದೆ, ಆದರೆ ಕಡಿಮೆ ಬಿಸಿಯಲ್ಲಿ. 300 ಮೀಟರಿಗೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಬಾಲು ಕಾ ಘೇರಾದಲ್ಲಿ ಕುದಿಯುವ ನೀರು ಬರೀ 88 ಡಿಗ್ರಿ. ತೊಗರಿಬೇಳೆಯನ್ನು ಎಷ್ಟು ಹೊತ್ತು ಬೇಯಿಸಿದರೂ ಅದು ಕಾಳಾಗಿಯೇ ಉಳಿಯುತ್ತದೆ, ಗ್ಯಾಸ್ ಮುಗಿಯುತ್ತದೆ. ಕುಕ್ಕರ್ ಹೊರುವುದಿಲ್ಲ ಅಂದರೆ ತೊಗರಿ, ಕಡಲೆ, ಅಕ್ಕಿ ಮೂರನ್ನೂ ಮರೆತುಬಿಡಿ. ಹುರಿದ ಹೆಸರುಬೇಳೆಯನ್ನು ತರಿತರಿ ಒಡೆದುಕೊಂಡು ಹೋದರೆ ಹೇಗೋ ಬೇಯುತ್ತದೆ.

ನಮ್ಮ ಕಡೆಯ ದಿನಸಿಯೇ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಗಟ್ಟಿ ಅವಲಕ್ಕಿ, ತಲೆಗೆ 100 ಗ್ರಾಂ. ಬಿಸಿನೀರು ಸುರಿದು ಮುಚ್ಚಿಟ್ಟು, ಪುಳಿಯೋಗರೆ ಗೊಜ್ಜು ಕಲಸಿ, ಮೇಲೆ ಒಂದು ಹಿಡಿ ಕಡಲೆಬೀಜ. ಒಲೆ ಉರಿಯಬೇಕಾದದ್ದು ನೀರು ಕಾಯಿಸಲಿಕ್ಕೆ ಮಾತ್ರ. ದಾರಿಗೆ ರಾಗಿ ಹುರಿಹಿಟ್ಟು: ಲೋಟಕ್ಕೆ ನಾಲ್ಕು ದೊಡ್ಡ ಚಮಚ ಹಿಟ್ಟು, ಎರಡು ಚಮಚ ಹಾಲಿನ ಪುಡಿ, ಬೆಲ್ಲದ ಪುಡಿ, ಚಿಟಿಕೆ ಏಲಕ್ಕಿ. ಇದನ್ನು ಮನೆಯಲ್ಲೇ ಒಂದು ಹೊತ್ತಿಗೆ ಒಂದು ಪೊಟ್ಟಣದ ಹಾಗೆ ಕಟ್ಟಿಕೊಳ್ಳಿ. ಮೊದಲು ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ, ಗಂಟೊಡೆದ ಮೇಲೆ ತೆಳ್ಳಗೆ ಮಾಡಿ. ಒಂದೇ ಸಲ ನೀರು ಸುರಿದರೆ ಗಂಟಿನ ಒಳಗೆ ಒಣ ಹಿಟ್ಟು ಉಳಿದು, ಏರಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿಗೆ ಹುರಿದ ರವೆಯ ಉಪ್ಪಿಟ್ಟು, ಒಗ್ಗರಣೆ ಸಮೇತ ಮನೆಯಲ್ಲೇ ಹುರಿದಿಟ್ಟದ್ದು. ಇನ್ನೊಂದು ರಾತ್ರಿ ಶಾವಿಗೆ. ಚಟ್ನಿಪುಡಿ, ಸಣ್ಣ ಡಬ್ಬಿಯಲ್ಲಿ ತುಪ್ಪ, ಚಿಕ್ಕಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಸಿಹಿ ಮತ್ತು ಹುಳಿ ಇದ್ದರೆ ಮಾತ್ರ ಬಾಯಿಗೆ ಹೋಗುತ್ತದೆ. ತಲೆಗೆ ದಿನಕ್ಕೆ 650 ಗ್ರಾಂ ಒಣ ದಿನಸಿ ಹಿಡಿಯಿರಿ, ಅದರ ಮೇಲೆ ಐವರಿಗೂ ಒಂದು ದಿನದ್ದು ಹೆಚ್ಚಿಗೆ, ಒಲೆ ಹಚ್ಚದೆ ತಿನ್ನುವಂಥದ್ದು (ಮೇಲಿನ 15 ಕೆಜಿಯಲ್ಲಿ ಇದು ಸೇರಿಲ್ಲ).

ಗ್ಯಾಸ್. ಒಂದು ಲೀಟರ್ ನೀರು ಕಾಯಿಸಲು ಗಾಳಿ ಇಲ್ಲದಿದ್ದರೆ 15 ಗ್ರಾಂ ಲೆಕ್ಕ ಹಾಕಿ. ಗಾಳಿ ಇದ್ದರೆ ದುಪ್ಪಟ್ಟೂ ಆಗುತ್ತದೆ. ಐವರಿಗೆ ಟೀ, ತಿಂಡಿ, ಊಟ ಸೇರಿ ದಿನಕ್ಕೆ 9–10 ಲೀಟರ್, ಅಂದರೆ 150 ಗ್ರಾಂ. ನಾಲ್ಕೂವರೆ ದಿನಕ್ಕೆ ಸುಮಾರು 675. 230 ಗ್ರಾಮಿನ ಕ್ಯಾನು ಮೂರು ಸಾಕಾಗುತ್ತದೆ, ನಾಲ್ಕು ಒಯ್ಯಿರಿ. ಬೆಂಗಳೂರಿನಲ್ಲಿ ಕೊಳ್ಳಬೇಡಿ, ವಿಮಾನದಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ಬಿಡುವುದಿಲ್ಲ, ರೈಲಿನಲ್ಲೂ ಒಯ್ಯುವಂತಿಲ್ಲ. ಮನಾಲಿ ಪೇಟೆಯಲ್ಲಿ ಸಿಗುತ್ತದೆ. ಕೊಳ್ಳುವಾಗ ಎರಡು ನೋಡಿ. ನಿಮ್ಮ ಒಲೆಯ ಬಾಯಿ ತಿರುಪಿನದ್ದಾ, ಉದ್ದ ಕ್ಯಾನಿನದ್ದಾ ಅಂತ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಎರಡನೆಯದು, ಒಳಗೆ ಬರೀ ಬ್ಯೂಟೇನಾ ಅಥವಾ ಐಸೊಬ್ಯೂಟೇನ್, ಪ್ರೊಪೇನ್ ಬೆರೆಸಿದ್ದಾ ಅಂತ. ಬರೀ ಬ್ಯೂಟೇನ್ 0 ಡಿಗ್ರಿ ಹತ್ತಿರ ಸರಿಯಾಗಿ ಆವಿಯಾಗುವುದಿಲ್ಲ. ಬೆಳಗಿನ ಐದು ಗಂಟೆಗೆ ಕ್ಯಾನು ಅಲ್ಲಾಡಿಸಿದರೆ ಒಳಗೆ ದ್ರವ ಗುಳುಗುಳು ಅನ್ನುತ್ತದೆ, ಮೇಲೆ ಉರಿ ಮಾತ್ರ ಮೇಣದಬತ್ತಿಯಷ್ಟು. ಅದೇ ಸಿಕ್ಕಿದರೆ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೊಂಡು ಮಲಗಿ. ಟೆಂಟಿನೊಳಗೆ ಮಾತ್ರ ಯಾವ ಕಾರಣಕ್ಕೂ ಒಲೆ ಹಚ್ಚಬೇಡಿ. ಬೆಂಕಿಗಿಂತ ಹೆಚ್ಚಿನ ಅಪಾಯ ಕಾರ್ಬನ್ ಮೊನಾಕ್ಸೈಡು, ಅದಕ್ಕೆ ವಾಸನೆ ಇಲ್ಲ.

ಕುಡಿಯುವ ನೀರು ತೊರೆಯದ್ದೇ. ಆದರೆ ಆ ಇಡೀ ಕಣಿವೆ ಗದ್ದಿ ಕುರಿಗಾಹಿಗಳ ಹಾದಿ, ಮೇಲೆಲ್ಲ ಕುರಿ, ಕುದುರೆ ಮೇಯುತ್ತವೆ. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು, ಕೊರೆಯುವ ನೀರಿಗೆ ಒಂದು ಗಂಟೆ. ಹಿಂಡಿ ಕುಡಿಯುವ ಫಿಲ್ಟರ್ ಒಯ್ದರೆ ರಾತ್ರಿ ಅದನ್ನೂ ಬೆಚ್ಚಗಿಡಿ. ಒಳಗಿನ ನೀರು ಹೆಪ್ಪುಗಟ್ಟಿದರೆ ಅದರ ಎಳೆಗಳು ಒಡೆಯುತ್ತವೆ, ನೋಡಿದರೆ ಗೊತ್ತಾಗುವುದಿಲ್ಲ.

ಕಲ್ಲುಹಾದಿ:

ಹೊಳೆಯ ವಿಷಯ ಬಿಟ್ಟುಹೋಗಿತ್ತು. ಹಗ್ಗ ಬೇಡ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಿದ್ದರೆ ಆ ಹಗ್ಗವೇ ಮನುಷ್ಯನನ್ನು ನೀರಿನಡಿಗೆ ಒತ್ತಿ ಹಿಡಿಯುತ್ತದೆ. ಬೇಕಾದದ್ದು ಸರಿಯಾದ ಹೊತ್ತು. ಹಿಮ ಕರಗಿ ಬರುವ ನೀರು ಬೆಳಿಗ್ಗೆ ಕಡಿಮೆ, ಬಿಸಿಲೇರಿದ ಹಾಗೆ ಏರಿ ಸಂಜೆಗೆ ತುಂಬುತ್ತದೆ. ಶಿಯಾಗೋರಿನಿಂದ ಬೆಳಿಗ್ಗೆ ಏಳರೊಳಗೆ ದಾಟಿಬಿಡಿ. ಕಾಲು ಮರಗಟ್ಟುತ್ತದೆ ನಿಜ, ಎರಡು ನಿಮಿಷದ ಮಾತು.

ಬರಿಗಾಲಲ್ಲಿ ಇಳಿಯಬೇಡಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು, ಹವಾಯಿ ಚಪ್ಪಲಿ ಮೊದಲ ಹೆಜ್ಜೆಗೇ ತೇಲಿಹೋಗುತ್ತದೆ. ಶೂ, ಸಾಕ್ಸ್ ಬ್ಯಾಗಿನೊಳಗೆ. ಸೊಂಟದ ಪಟ್ಟಿ, ಎದೆ ಪಟ್ಟಿ ಎರಡನ್ನೂ ಬಿಚ್ಚಿ, ಬಿದ್ದರೆ ಬ್ಯಾಗು ಕಳಚಿ ಏಳಲು ಆಗಬೇಕು. ಮುಖ ನೀರು ಬರುವ ಕಡೆಗೆ, ಕೋಲು ಮುಂದೆ ಊರಿ, ಒಂದು ಸಲಕ್ಕೆ ಒಂದನ್ನೇ ಕದಲಿಸಿ, ಕೋಲು ಅಥವಾ ಒಂದು ಕಾಲು. ಐವರಿದ್ದೀರಲ್ಲ, ಮೂವರು ಒಬ್ಬರ ಹಿಂದೆ ಒಬ್ಬರು ನಿಂತು ಮುಂದಿನವರ ಬ್ಯಾಗು ಹಿಡಿದು ಅಡ್ಡಡ್ಡ ಸರಿಯಿರಿ. ಗಟ್ಟಿಗರು ಎದುರು ನೀರಿಗೆ ನಿಂತರೆ ಹಿಂದಿನವರಿಗೆ ಸೆಳೆತ ಕಡಿಮೆ. ಜಾಗ ಆರಿಸುವಾಗ ಕಿರಿದಾದದ್ದು ಬೇಡ, ಅಗಲವಾಗಿ ಹರಡಿದ್ದು ನೋಡಿ. ನೀರು ಹಾಲಿನ ಬಣ್ಣಕ್ಕಿದ್ದು ತಳ ಕಾಣದೆ, ಒಳಗೆ ಕಲ್ಲು ಉರುಳುವ ಗುಡುಗುಡು ಶಬ್ದ ಕೇಳುತ್ತಿದ್ದರೆ, ಅಥವಾ ಮೊಣಕಾಲು ಮೀರಿದ ಸೆಳೆತ ಇದ್ದರೆ, ದಾಟಬೇಡಿ. ಮರುದಿನ ಬೆಳಿಗ್ಗೆವರೆಗೆ ಕಾಯಿರಿ. ಆ ಹೆಚ್ಚಿಗೆ ದಿನಸಿ ಇದಕ್ಕೇ.

ಪಾಸಿನ ದಿನ ಐದು ಗಂಟೆಗೆ ಹೊರಟು ಹನ್ನೊಂದರೊಳಗೆ ಮೇಲಿರಿ. ಇದೇ ತುದಿ ಅಂದುಕೊಂಡು ಹತ್ತಿದರೆ ಹಿಂದೆ ಇನ್ನೊಂದು ದಿಬ್ಬ ಕಾಣುತ್ತದೆ, ಹೀಗೆ ಎರಡು ಮೂರು ಸಲ. ಮೊದಲ ದಿಬ್ಬಕ್ಕೇ ಉಸಿರೆಲ್ಲ ಖರ್ಚು ಮಾಡಬೇಡಿ. ಆಕಾಶ ತಿಳಿಯಾಗಿದ್ದರೆ ದೇವ್ ಟಿಬ್ಬಾ (6,001 ಮೀ.), ಇಂದ್ರಾಸನ (6,221 ಮೀ.) ಕಾಣುತ್ತವೆ, ಆ ನೋಟಕ್ಕೆ ಅಷ್ಟು ನಡೆದದ್ದು ಸಾರ್ಥಕ. ಆದರೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಡಿ. ಶಿಯಾಗೋರಿನ ಕಡೆಯ ಇಳಿಜಾರು ಹತ್ತಿದ್ದಕ್ಕಿಂತ ಕಡಿದು, ಪುಡಿಗಲ್ಲು. ಕೋಲು ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಮೇಲಿನವರು ಉರುಳಿಸಿದ ಕಲ್ಲು ಕೆಳಗಿನವರ ತಲೆಗೇ ಬರುವುದು.

ಹಾದಿಬದಿ:

ತುಂಬಾ ಉಪಕಾರ. ದಿನಗಳನ್ನು ಹೇಳಿದ ಹಾಗೆ ಬದಲಿಸುತ್ತೇವೆ. ಎರಡು ಉಳಿದವು. ಹೇಸರಗತ್ತೆ ಮಾಡಿಕೊಂಡರೆ ಒಳ್ಳೆಯದಾ? ಛತ್ರುವಿನಲ್ಲಿ ಗಾಡಿ ಹೇಗೆ?

ಸೋನೆಮಳೆ:

ಮೊದಲ ಸಲ ಅಷ್ಟು ಎತ್ತರ ಹೋಗುವವರಿಗೆ ಒಂದು ಹೇಸರಗತ್ತೆ, ಜೊತೆಗೆ ಅದರ ಯಜಮಾನ, ಇದು ಒಳ್ಳೆಯ ನಿರ್ಧಾರ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಆ 25 ಕೆಜಿ ಅದರ ಮೇಲೆ ಹೋಗುತ್ತದೆ, ನಿಮಗೆ ತಲೆಗೆ 10 ಕೆಜಿ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಅವತ್ತು ಹೊಳೆ ಎಲ್ಲಿ ದಾಟಬೇಕು, ಮಂಜು ಕವಿದಾಗ ದಾರಿ ಯಾವುದು ಅಂತ ಆ ಮನುಷ್ಯನಿಗೆ ಗೊತ್ತಿರುತ್ತದೆ. ಒಂದು ಎಚ್ಚರ: ಅದು ಬೆಳಿಗ್ಗೆ ಹೊರಟರೆ ಸಂಜೆ ಬಿಡಾರದಲ್ಲೇ ಸಿಗುವುದು. ಮಳೆಯಂಗಿ, ಬೆಚ್ಚನೆ ಜಾಕೆಟ್ಟು, ನೀರು, ತಿಂಡಿ, ಔಷಧ, ಹೆಡ್‌ಲ್ಯಾಂಪ್ ನಿಮ್ಮ ಬೆನ್ನ ಮೇಲೇ ಇರಲಿ.

ಕಲ್ಲುಹಾದಿ:

ನಾನೂ ಅದನ್ನೇ ಹೇಳುತ್ತೇನೆ. ಸ್ಥಳೀಯರೊಬ್ಬರು ಜೊತೆಗಿಲ್ಲದೆ ಹೋಗಲೇಬೇಡಿ. ಹೊರಡುವ ಮೊದಲು ಮನಾಲಿಯಲ್ಲಿ ಆಡಳಿತದವರಲ್ಲಿ ವಿಚಾರಿಸಿ, ಹವಾಮಾನ ಕೆಟ್ಟರೆ ಚಾರಣ ನಿಲ್ಲಿಸುತ್ತಾರೆ. ಐವರ ಹೆಸರು, ದಾರಿ, ಹಿಂದಿರುಗುವ ದಿನ ಬರೆದು ಸೇಥನ್‌ನಲ್ಲಿ ಉಳಿದ ಮನೆಯವರಿಗೂ ಊರಿನಲ್ಲಿ ಒಬ್ಬರಿಗೂ ಕೊಡಿ. ಇಷ್ಟು ಹೊತ್ತಿನೊಳಗೆ ಫೋನ್ ಬರದಿದ್ದರೆ 112ಕ್ಕೆ ತಿಳಿಸಿ ಅಂತ ಗಂಟೆ ಸಮೇತ ಹೇಳಿ.

ಛತ್ರು ಗ್ರಾಂಫೂ–ಕಾಜಾ ರಸ್ತೆಯ ಮೇಲಿದೆ, ಊರು ಅನ್ನುವಂಥದ್ದಲ್ಲ, ಋತುವಿನಲ್ಲಿ ಕೆಲವು ಡಾಬಾ ಇರುತ್ತವೆ. ಸಿಗ್ನಲ್ ಇಲ್ಲ, ಅಲ್ಲಿಂದ ಫೋನ್ ಮಾಡಿ ಗಾಡಿ ಕರೆಸುತ್ತೇನೆ ಅಂದರೆ ಆಗದು. ಮನಾಲಿಯಲ್ಲೇ ಮಾತಾಡಿ, ದಿನ ಮತ್ತು ಗಂಟೆ ಬರೆದುಕೊಡಿ: ಮಧ್ಯಾಹ್ನ ಒಂದಕ್ಕೆ, ನಾವು ಬರದಿದ್ದರೆ ಮರುದಿನ ಅದೇ ಹೊತ್ತಿಗೆ ಮತ್ತೆ. ಎರಡನೇ ದಿನದ ಬಾಡಿಗೆಯನ್ನೂ ಮೊದಲೇ ಒಪ್ಪಿಕೊಳ್ಳಿ. ಹೊಳೆ ತುಂಬಿ ನೀವು ಶಿಯಾಗೋರಿನಲ್ಲಿ ನಿಂತರೆ, ಗಾಡಿಯವನು ಕಾಯುತ್ತಿದ್ದಾನೆ ಅಂತ ಆತುರಪಟ್ಟು ನೀರಿಗಿಳಿಯುವುದು ಆಗ ತಪ್ಪುತ್ತದೆ.

ಚಂದ್ರತಾಲ್ ಸುಮಾರು 4,300 ಮೀಟರ್, ರಾಮ್ಸರ್ ಪಟ್ಟಿಯಲ್ಲಿರುವ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಕೆರೆ. ದಂಡೆಯಲ್ಲಿ ಟೆಂಟು ಹಾಕಲು ಬಿಡುವುದಿಲ್ಲ, ಕೆಲವು ಕಿ.ಮೀ. ಹಿಂದೆಯೇ ಬಿಡಾರಗಳಿವೆ. ಯಾರಿಗಾದರೂ ತಲೆನೋವು ಉಳಿದಿದ್ದರೆ ಅಲ್ಲಿ ಮಲಗಬೇಡಿ. ಕೋಕ್ಸರ್, ಅಟಲ್ ಸುರಂಗದ ದಾರಿಯಲ್ಲಿ ಅದೇ ಸಂಜೆ ಮನಾಲಿಗೆ ಇಳಿದುಬಿಡಿ.